ಹೊಸ ನೋಟಿನ ಸಂಭ್ರಮ, ಹಳೆಯ ನೋಟಿನ ಲೆಕ್ಕ
ಸೋವಿಯತ್ ಒಕ್ಕೂಟ ಒಡೆದಾಗ ಹುಟ್ಟಿದ ಕರೆನ್ಸಿಗಳ ಕಥೆಗೂ ಗೋವಾ, ಹೈದರಾಬಾದ್ ಕರ್ನಾಟಕಗಳ ಅನುಭವಕ್ಕೂ ಇರುವ ನಂಟು

ಬಾಳೆಗುಳಿ (ಅಂಕೋಲಾ): ಹುಬ್ಬಳ್ಳಿಯಿಂದ ಯಲ್ಲಾಪುರದ ಮೂಲಕ ಘಟ್ಟವಿಳಿದು ಬರುವ ಹೆದ್ದಾರಿಯು ಅಂಕೋಲಾ ಪಟ್ಟಣದ ಅಂಚಿನ ಬಾಳೆಗುಳಿಯಲ್ಲಿ ಕರಾವಳಿಯ ಹೆದ್ದಾರಿಯನ್ನು ಕೂಡಿಕೊಳ್ಳುತ್ತದೆ. ಇಲ್ಲಿಂದ ಉತ್ತರಕ್ಕೆ ತಿರುಗಿ ಕಾರವಾರ ದಾಟಿದರೆ ಗೋವಾ. ಪೂರ್ವಕ್ಕೆ ತಿರುಗಿ ಹುಬ್ಬಳ್ಳಿ, ಗದಗ ದಾಟಿದರೆ ಕೊಪ್ಪಳ. ಇಂದು ಈ ಎರಡೂ ದಾರಿಗಳಲ್ಲಿ ಒಂದೇ ರೂಪಾಯಿ ನಡೆಯುತ್ತದೆ. 1947ರಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಉತ್ತರದ ತುದಿಯಲ್ಲಿ ಪೋರ್ಚುಗೀಸರ 'ರುಪಿಯಾ' ನಡೆಯುತ್ತಿತ್ತು. ಪೂರ್ವದ ತುದಿಯಲ್ಲಿ ನಿಜಾಮರ 'ಹಾಲಿ ಸಿಕ್ಕಾ' ನಡೆಯುತ್ತಿತ್ತು. ಎರಡೂ ನೋಟುಗಳು ಇಂದು ಸಂಗ್ರಹಕಾರರ ಆಲ್ಬಮ್ ಸೇರಿವೆ.

ಈ ಹಳೆಯ ಸಂಗತಿಯನ್ನು ನೆನಪಿಸಿಕೊಳ್ಳಲು ಕಾರಣವಿದೆ. 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಗೊಂಡಾಗ ಒಂದೇ ರೂಬಲ್ ಬಳಸುತ್ತಿದ್ದ ನಾಡು ಹದಿನೈದು ಸ್ವತಂತ್ರ ರಾಷ್ಟ್ರಗಳಾಯಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಅವುಗಳಲ್ಲಿ ಪ್ರತಿಯೊಂದೂ ತನ್ನದೇ ನೋಟನ್ನು ಮುದ್ರಿಸಿತು. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಹೊಸ ಕರೆನ್ಸಿಗಳು ಹುಟ್ಟಿದ ಉದಾಹರಣೆ ಇತಿಹಾಸದಲ್ಲಿ ವಿರಳ. ಆ ಪ್ರಕರಣ ಇನ್ನೂ ಮುಗಿದಿಲ್ಲ ಎಂಬುದನ್ನು ಉಕ್ರೇನ್ ಯುದ್ಧ ತೋರಿಸಿಕೊಟ್ಟಿದೆ. ಅಲ್ಲಿ ಊರು ಕೈಬದಲಾದಂತೆಲ್ಲ ಅಂಗಡಿಯ ಗಲ್ಲಾಪೆಟ್ಟಿಗೆಯ ನೋಟೂ ಬದಲಾಗಿದೆ.

ಹೊಸ ನೋಟಿನ ಮೇಲಿನ ಚಿತ್ರ, ಭಾಷೆ, ಹೆಸರುಗಳ ಬಗ್ಗೆ ಬಹಳಷ್ಟು ಬರೆಯಲಾಗಿದೆ. ಅವು ಮುಖ್ಯವೇ. ಆದರೆ ಜನಸಾಮಾನ್ಯರ ಬದುಕನ್ನು ನಿರ್ಧರಿಸಿದ್ದು ಅವಲ್ಲ. ಹಳೆಯ ನೋಟನ್ನು ಯಾವ ದರದಲ್ಲಿ, ಎಷ್ಟು ಮಿತಿಯೊಳಗೆ, ಎಷ್ಟು ದಿನಗಳ ಗಡುವಿನಲ್ಲಿ ಬದಲಿಸಿಕೊಡಲಾಯಿತು ಎಂಬುದು. ದರ, ಮಿತಿ, ಗಡುವು ಎಂಬ ಈ ಮೂರು ಅಳತೆಗೋಲುಗಳನ್ನು ಹಿಡಿದು ನೋಡಿದರೆ ಹೊಸ ರಾಷ್ಟ್ರವೊಂದು ತನ್ನ ಪ್ರಜೆಯನ್ನು ಹೇಗೆ ಕಂಡಿತು ಎಂಬುದು ಗೊತ್ತಾಗುತ್ತದೆ.

ಹದಿನೈದು ಭಾಷೆಗಳ ನೋಟು

ನಮ್ಮ ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿ ಇರುವುದನ್ನು ಎಲ್ಲರೂ ಬಲ್ಲರು. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು. ಕಾಕತಾಳೀಯವೆಂಬಂತೆ 1961ರ ಸೋವಿಯತ್ ರೂಬಲ್ ನೋಟಿನಲ್ಲೂ ಹದಿನೈದು ಭಾಷೆಗಳಲ್ಲಿ ಮೌಲ್ಯವನ್ನು ಮುದ್ರಿಸಲಾಗುತ್ತಿತ್ತು. ಪ್ರತಿ ಗಣರಾಜ್ಯಕ್ಕೆ ಒಂದು ಭಾಷೆ. ಎಸ್ಟೋನಿಯಾದ ರೈತನಿಗೂ ತಜಿಕಿಸ್ತಾನದ ಹತ್ತಿ ಬೆಳೆಗಾರನಿಗೂ ತನ್ನ ನುಡಿ ಆ ಕಾಗದದ ಮೇಲೆ ಕಾಣುತ್ತಿತ್ತು.

ಆದರೆ ಭಾಷೆ ಹದಿನೈದಿದ್ದರೂ ಮುದ್ರಣಾಲಯದ ಒಡೆಯ ಒಬ್ಬನೇ ಆಗಿದ್ದ. 'ಗೋಜ್ನಾಕ್' ಎಂಬ ಸರ್ಕಾರಿ ಸಂಸ್ಥೆಯ ನೋಟು ಮುದ್ರಣಾಲಯಗಳು ಮಾಸ್ಕೋ ಮತ್ತು ಪೆರ್ಮ್ ನಗರಗಳಲ್ಲಿದ್ದವು. ಎರಡೂ ಊರುಗಳು ರಷ್ಯಾದಲ್ಲಿವೆ. ಒಕ್ಕೂಟ ಒಡೆದಾಗ ಉಳಿದ ಹದಿನಾಲ್ಕು ರಾಷ್ಟ್ರಗಳ ಪಾಲಿಗೆ ಧ್ವಜ, ಸಂಸತ್ತು, ವಿಶ್ವಸಂಸ್ಥೆಯ ಸದಸ್ಯತ್ವಗಳೆಲ್ಲ ಬಂದವು. ನೋಟು ಅಚ್ಚುಹಾಕುವ ಯಂತ್ರ ಮಾತ್ರ ಬರಲಿಲ್ಲ.

ಇದರಿಂದ ವಿಚಿತ್ರ ಸನ್ನಿವೇಶ ಉಂಟಾಯಿತು. ನಗದು ರೂಬಲ್ ಮುದ್ರಿಸುವ ಅಧಿಕಾರ ರಷ್ಯಾದ ಕೇಂದ್ರೀಯ ಬ್ಯಾಂಕಿಗೆ ಮಾತ್ರ ಇತ್ತು. ಆದರೆ ಲೆಕ್ಕದ ಪುಸ್ತಕದಲ್ಲಿ ರೂಬಲ್ ಸಾಲ ಸೃಷ್ಟಿಸುವ ಅಧಿಕಾರ ಪ್ರತಿ ರಾಷ್ಟ್ರದ ಕೇಂದ್ರೀಯ ಬ್ಯಾಂಕಿಗೂ ಇತ್ತು. ಅವಿಭಕ್ತ ಕುಟುಂಬದ ಖಾತೆಯೊಂದೇ, ಚೆಕ್ಕಿಗೆ ಸಹಿ ಹಾಕುವವರು ಹದಿನೈದು ಜನ ಎಂದರೆ ಏನಾಗಬಹುದೋ ಅದೇ ಆಯಿತು. ಪ್ರತಿ ಸರ್ಕಾರವೂ ತನ್ನ ಕಾರ್ಖಾನೆಗಳಿಗೆ ಧಾರಾಳವಾಗಿ ಸಾಲ ನೀಡಿತು. ಅದರಿಂದಾದ ಬೆಲೆಯೇರಿಕೆಯನ್ನು ಎಲ್ಲರೂ ಹಂಚಿಕೊಂಡರು. 1992ರ ಒಂದೇ ವರ್ಷದಲ್ಲಿ ರಷ್ಯಾದ ಗ್ರಾಹಕ ಬೆಲೆಗಳು ಸುಮಾರು 26 ಪಟ್ಟಾದವು. ಅದೇ ವೇಳೆಗೆ ಗಣರಾಜ್ಯಗಳಲ್ಲಿ ಸಂಬಳ ಕೊಡಲು ನೋಟುಗಳೇ ಇಲ್ಲದ ಸ್ಥಿತಿ. ಹಣಕ್ಕೆ ಬೆಲೆಯಿಲ್ಲ, ಆದರೂ ಹಣದ ಅಭಾವ!

ಮೊದಲು ಹೊರಟವರು

ಈ ಮನೆಯಿಂದ ಮೊದಲು ಹೊರನಡೆದದ್ದು ಎಸ್ಟೋನಿಯಾ. 1992ರ ಜೂನ್ 20ರಂದು ಅದು ತನ್ನ 'ಕ್ರೂನ್' ನಾಣ್ಯವನ್ನು ಚಲಾವಣೆಗೆ ತಂದಿತು. ಹತ್ತು ರೂಬಲ್‌ಗೆ ಒಂದು ಕ್ರೂನ್. ಎಂಟು ಕ್ರೂನ್‌ಗೆ ಒಂದು ಜರ್ಮನ್ ಮಾರ್ಕ್. ನಗದು ಬದಲಾವಣೆಗೆ ತಲಾ 1,500 ರೂಬಲ್ ಮಿತಿ, ಮೂರು ದಿನಗಳ ಗಡುವು. ಬ್ಯಾಂಕ್ ಠೇವಣಿಗಳಿಗೂ ಹತ್ತಕ್ಕೆ ಒಂದರ ದರವೇ ಅನ್ವಯಿಸಿತು.

ಮಿತಿ ಬಿಗಿಯಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಬದಲಿಗೆ ಸರ್ಕಾರ ಒಂದು ಗಟ್ಟಿ ಮಾತು ಕೊಟ್ಟಿತು. ಕ್ರೂನ್‌ನ ಮೌಲ್ಯವನ್ನು ಮಾರ್ಕ್‌ಗೆ ಕಾನೂನಿನಲ್ಲೇ ಕಟ್ಟಿಹಾಕಲಾಯಿತು. ಮುದ್ರಿಸಿದ ನೋಟಿಗೆ ತಕ್ಕಷ್ಟು ಚಿನ್ನ ಅಥವಾ ವಿದೇಶಿ ಹಣ ತಿಜೋರಿಯಲ್ಲಿರಬೇಕೆಂಬ ನಿಯಮ ಮಾಡಲಾಯಿತು. ಇದಕ್ಕೆ ಒದಗಿಬಂದದ್ದು ಎರಡನೇ ಮಹಾಯುದ್ಧಕ್ಕೆ ಮೊದಲು ವಿದೇಶಗಳಲ್ಲಿ ಇರಿಸಿದ್ದ ಸುಮಾರು 11 ಟನ್ ಚಿನ್ನ. ಅರ್ಧ ಶತಮಾನದ ನಂತರ ಬ್ರಿಟನ್ ಮುಂತಾದ ದೇಶಗಳು ಅದನ್ನು ಎಸ್ಟೋನಿಯಾಕ್ಕೆ ಮರಳಿಸಿದವು.

ಲಾಟ್ವಿಯಾ 1992ರಲ್ಲಿ ತಾತ್ಕಾಲಿಕ 'ರುಬ್ಲಿಸ್' ತಂದು, 1993ರ ಮಾರ್ಚ್‌ನಿಂದ 200 ರುಬ್ಲಿಸ್‌ಗೆ ಒಂದು 'ಲಾಟ್ಸ್' ನೀಡಲಾರಂಭಿಸಿತು. ಲಿಥುವೇನಿಯಾದ ತಾತ್ಕಾಲಿಕ 'ಟಲೋನಾಸ್' ಚೀಟಿಗಳ ಮೇಲೆ ಪ್ರಾಣಿಗಳ ಚಿತ್ರವಿದ್ದುದರಿಂದ ಜನ ಅವನ್ನು ಮೃಗಾಲಯದ ಟಿಕೆಟ್ ಎಂದು ಗೇಲಿ ಮಾಡುತ್ತಿದ್ದರು. ಅಮೆರಿಕದಲ್ಲಿ ಮುದ್ರಿಸಿ ತಂದ 'ಲಿಟಾಸ್' ನೋಟುಗಳ ಸುರಕ್ಷತಾ ಗುಣಮಟ್ಟ ಸಾಲದೆಂದು ಆಕ್ಷೇಪ ಬಂದು, ಅವು ಜನರ ಕೈಸೇರುವುದು 1993ರ ಜೂನ್‌ವರೆಗೆ ತಡವಾಯಿತು.

ಈ ಮೂರೂ ಕರೆನ್ಸಿಗಳು ಇಂದಿಲ್ಲ. ಎಸ್ಟೋನಿಯಾ 2011ರಲ್ಲಿ, ಲಾಟ್ವಿಯಾ 2014ರಲ್ಲಿ, ಲಿಥುವೇನಿಯಾ 2015ರಲ್ಲಿ ಯೂರೋ ಒಪ್ಪಿಕೊಂಡವು. ಗಮನಿಸಬೇಕಾದದ್ದು ಮುಂದಿದೆ. ಮೂರೂ ರಾಷ್ಟ್ರಗಳ ಕೇಂದ್ರೀಯ ಬ್ಯಾಂಕುಗಳು ತಮ್ಮ ಹಳೆಯ ನೋಟುಗಳನ್ನು ನಿಗದಿತ ದರದಲ್ಲಿ ಕಾಲಮಿತಿಯಿಲ್ಲದೆ ಬದಲಿಸಿಕೊಡುವುದಾಗಿ ಪ್ರಕಟಿಸಿದವು. ಅಜ್ಜಿಯ ಪೆಟ್ಟಿಗೆಯಲ್ಲಿ ಮೂವತ್ತು ವರ್ಷಗಳ ನಂತರ ಒಂದು ಕ್ರೂನ್ ನೋಟು ಸಿಕ್ಕಿದರೂ ಅದು ಹಣವೇ. ರೂಬಲ್‌ನಿಂದ ಹೊರಬರುವಾಗ ಮೂರು ದಿನಗಳ ಗಡುವು ಇಟ್ಟ ರಾಷ್ಟ್ರವೇ ತನ್ನ ಸ್ವಂತ ನೋಟಿಗೆ ಗಡುವೇ ಬೇಡವೆಂದಿತು. ರೂಬಲ್ ಮತ್ತೊಬ್ಬರ ಮಾತಾಗಿತ್ತು, ಕ್ರೂನ್ ತನ್ನ ಮಾತಾಗಿತ್ತು ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ.

1993ರ ಆ ಶನಿವಾರ

ಉಳಿದ ಗಣರಾಜ್ಯಗಳು ರೂಬಲ್‌ನೊಳಗೇ ಇರಲು ಯತ್ನಿಸಿದವು. 1993ರ ಜುಲೈ 24ರ ಶನಿವಾರ ರಷ್ಯಾದ ಕೇಂದ್ರೀಯ ಬ್ಯಾಂಕ್ ಆ ಯತ್ನಕ್ಕೆ ತೆರೆ ಎಳೆಯಿತು. 1961ರಿಂದ 1992ರವರೆಗೆ ಮುದ್ರಿತವಾದ ನೋಟುಗಳು ಸೋಮವಾರದಿಂದ ನಡೆಯುವುದಿಲ್ಲವೆಂದು ಪ್ರಕಟಿಸಲಾಯಿತು. ಪ್ರತಿಯೊಬ್ಬರಿಗೆ 35,000 ರೂಬಲ್ ಮಿತಿ, ಎರಡು ವಾರಗಳ ಗಡುವು. ಬೇಸಿಗೆಯ ರಜೆಯಲ್ಲಿ ದೂರದ ಊರುಗಳಿಗೆ ಹೋಗಿದ್ದವರು ಕೈಯಲ್ಲಿ ಹಳೆಯ ನೋಟು ಹಿಡಿದು ಕಂಗಾಲಾದರು. ಪ್ರತಿಭಟನೆ ಹೆಚ್ಚಾದಾಗ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಿ, ಗಡುವನ್ನು ಆಗಸ್ಟ್ ಅಂತ್ಯದವರೆಗೆ ವಿಸ್ತರಿಸಲಾಯಿತು. 2016ರ ನವೆಂಬರ್ 8ರ ರಾತ್ರಿಯನ್ನು ಕಂಡಿರುವ ನಮ್ಮ ಓದುಗರಿಗೆ ಆ ದಿನಗಳ ಚಿತ್ರಣವನ್ನು ಬಿಡಿಸಿ ಹೇಳಬೇಕಿಲ್ಲ.

ರಷ್ಯಾದ ಗಡಿಯೊಳಗೆ ಬೆಲೆ ಕಳೆದುಕೊಂಡ ನೋಟುಗಳು ಅವು ಇನ್ನೂ ನಡೆಯುತ್ತಿದ್ದ ನೆರೆ ರಾಷ್ಟ್ರಗಳತ್ತ ಹರಿದವು. ಅಲ್ಲಿನ ಸರ್ಕಾರಗಳಿಗೆ ಈಗ ಆಯ್ಕೆಯೇ ಉಳಿಯಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ತುರ್ಕಮೆನಿಸ್ತಾನದ ಮನಾತ್, ಕಜಕಿಸ್ತಾನದ ಟೆಂಗೆ, ಉಜ್ಬೇಕಿಸ್ತಾನದ ಕೂಪನ್, ಅರ್ಮೇನಿಯಾದ ದ್ರಾಮ್, ಮಾಲ್ಡೋವಾದ ಲ್ಯೂ ಒಂದರ ಹಿಂದೊಂದು ಹೊರಬಿದ್ದವು. ಕಿರ್ಗಿಸ್ತಾನ ಮೇ ತಿಂಗಳಲ್ಲೇ 200 ರೂಬಲ್‌ಗೆ ಒಂದರಂತೆ 'ಸೋಮ್' ತಂದಿತ್ತು. ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ತಜಿಕಿಸ್ತಾನ ಮಾತ್ರ 1995ರವರೆಗೆ ಕಾಯಬೇಕಾಯಿತು.

ಕಜಕಿಸ್ತಾನದ ಸಿದ್ಧತೆ ಗುಟ್ಟಾಗಿ ನಡೆದಿತ್ತು. ಟೆಂಗೆ ನೋಟುಗಳನ್ನು ಇಂಗ್ಲೆಂಡಿನಲ್ಲಿ ಮುದ್ರಿಸಿ, ಸರಕು ವಿಮಾನಗಳಲ್ಲಿ ತಂದು ದೇಶದಾದ್ಯಂತ ಹಂಚಲಾಯಿತು. ನವೆಂಬರ್ 15ರಂದು ಬದಲಾವಣೆ ಆರಂಭವಾಯಿತು. 500 ರೂಬಲ್‌ಗೆ ಒಂದು ಟೆಂಗೆ. ತಲಾ ಒಂದು ಲಕ್ಷ ರೂಬಲ್ ಮಿತಿ. ಐದಾರು ದಿನಗಳ ಗಡುವು. ಆ ದಿನವನ್ನು ಅಲ್ಲಿ ಇಂದಿಗೂ ರಾಷ್ಟ್ರೀಯ ಕರೆನ್ಸಿ ದಿನವೆಂದು ಆಚರಿಸುತ್ತಾರೆ. ವೈದ್ಯಕೀಯ ಪದವಿಗೆಂದು ಕಜಕಿಸ್ತಾನ, ಕಿರ್ಗಿಸ್ತಾನಗಳಿಗೆ ಹೋಗುವ ಕನ್ನಡದ ವಿದ್ಯಾರ್ಥಿಗಳು ದಿನನಿತ್ಯ ಎಣಿಸುವ ಟೆಂಗೆ, ಸೋಮ್‌ಗಳ ಹಿಂದೆ ಆ ಒಂದು ವರ್ಷದ ಗಡಿಬಿಡಿಯ ಇತಿಹಾಸವಿದೆ.

ನೋಟಿನ ಮೇಲೆ ಯಾರ ಚಿತ್ರವಿರಬೇಕೆಂಬುದಕ್ಕೂ ಒಂದೊಂದು ಸರ್ಕಾರ ಒಂದೊಂದು ಉತ್ತರ ಕಂಡುಕೊಂಡಿತು. ತುರ್ಕಮೆನಿಸ್ತಾನದ ಅಧ್ಯಕ್ಷ ಸಪರ್ಮುರಾತ್ ನಿಯಾಜೊವ್ ತಮ್ಮದೇ ಭಾವಚಿತ್ರವನ್ನು ಅಚ್ಚುಹಾಕಿಸಿದರು. ಬೆಲಾರುಸ್ ಯಾರ ಗೊಡವೆಯೂ ಬೇಡವೆಂದು ಕಾಡುಪ್ರಾಣಿಗಳನ್ನು ಆರಿಸಿತು. ಒಂದು ರೂಬಲ್ ನೋಟಿನ ಮೇಲಿದ್ದ ಮೊಲದಿಂದಾಗಿ ಇಡೀ ಕರೆನ್ಸಿಗೇ 'ಮೊಲ' ಎಂಬ ಅಡ್ಡಹೆಸರು ಬಂತು. ಮೊಲದ ಓಟವನ್ನು ಬೆಲೆಗಳು ಮೀರಿಸಿದವು. 2000ದಲ್ಲಿ ಮೂರು ಸೊನ್ನೆ, 2016ರಲ್ಲಿ ನಾಲ್ಕು ಸೊನ್ನೆ ಅಳಿಸಲಾಯಿತು. ಅಂದರೆ 1999ರ ಒಂದು ಕೋಟಿ ಬೆಲಾರುಸ್ ರೂಬಲ್ 2016ರ ಲೆಕ್ಕದಲ್ಲಿ ಒಂದೇ ಒಂದು ರೂಬಲ್.

ಉಕ್ರೇನ್: ನಾಲ್ಕು ವರ್ಷ ಕಾದ ನೋಟು

ಇಡೀ ಪ್ರಕರಣದಲ್ಲಿ ಹೆಚ್ಚು ನೋವುಂಡದ್ದೂ ಹೆಚ್ಚು ಕಲಿತದ್ದೂ ಉಕ್ರೇನ್ ಎನ್ನಬಹುದು. 1992ರ ಜನವರಿಯಲ್ಲಿ ಅದು ರೂಬಲ್ ಕೊರತೆ ತುಂಬಲು 'ಕೂಪನ್' ಹೆಸರಿನ ಚೀಟಿಗಳನ್ನು ಬಿಡುಗಡೆ ಮಾಡಿತು. ಆ ವರ್ಷಾಂತ್ಯಕ್ಕೆ ಅದೇ 'ಕರ್ಬೊವಾನೆಟ್ಸ್' ಎಂಬ ಪೂರ್ಣ ಕರೆನ್ಸಿಯಾಯಿತು. ಸರ್ಕಾರ ತನ್ನ ಕೊರತೆಯನ್ನೆಲ್ಲ ನೋಟು ಮುದ್ರಿಸಿಯೇ ತುಂಬಿಸಿಕೊಂಡ ಪರಿಣಾಮ 1993ರಲ್ಲಿ ಹಣದುಬ್ಬರ ಶೇಕಡ 10,000 ದಾಟಿತು.

ಸೋಜಿಗವೆಂದರೆ ಉಕ್ರೇನಿನ ನಿಜವಾದ ನೋಟು 'ಹ್ರಿವ್ನಿಯಾ' ಆ ವೇಳೆಗಾಗಲೇ ಮುದ್ರಣಗೊಂಡಿತ್ತು. ಕೆನಡಾದಲ್ಲಿ ಅಚ್ಚಾದ ಮೊದಲ ಕಂತಿನ ಮೇಲೆ 1992 ಎಂಬ ಇಸವಿಯೇ ಇತ್ತು. ಕವಿ ತರಾಸ್ ಶೆವ್ಚೆಂಕೊ, ಇತಿಹಾಸಕಾರ ಮಿಖೈಲೊ ಹ್ರುಶೆವ್ಸ್ಕಿ ಮುಂತಾದವರ ಚಿತ್ರಗಳೂ ಸಿದ್ಧವಾಗಿದ್ದವು. ಆದರೆ ಬೆಲೆಗಳು ಉರಿಯುತ್ತಿರುವಾಗ ಹೊಸ ನೋಟನ್ನು ಆ ಬೆಂಕಿಗೆ ಹಾಕುವುದು ಬೇಡವೆಂದು ಅವನ್ನು ಕಾದಿರಿಸಲಾಯಿತು. ಹಣದುಬ್ಬರ ತಹಬಂದಿಗೆ ಬಂದ ಮೇಲೆ, 1996ರ ಸೆಪ್ಟೆಂಬರ್‌ನಲ್ಲಿ, ಒಂದು ಲಕ್ಷ ಕರ್ಬೊವಾನೆಟ್ಸ್‌ಗೆ ಒಂದು ಹ್ರಿವ್ನಿಯಾದಂತೆ ಬದಲಾವಣೆ ನಡೆಯಿತು. ಆಗ ರಾಷ್ಟ್ರೀಯ ಬ್ಯಾಂಕಿನ ಮುಖ್ಯಸ್ಥರಾಗಿದ್ದವರು ವಿಕ್ಟರ್ ಯುಶ್ಚೆಂಕೊ. ಮುಂದೆ ದೇಶದ ಅಧ್ಯಕ್ಷರಾದವರು. ಈ ಬಾರಿ ತಲಾ ಇಷ್ಟೇ ಎಂಬ ಮಿತಿ ಇರಲಿಲ್ಲ. ತಂದಷ್ಟನ್ನೂ ಬದಲಿಸಿಕೊಡಲಾಯಿತು. ಸೊನ್ನೆಗಳನ್ನು ಕಳೆದುಕೊಂಡರೂ ಜನ ನಂಬಿಕೆಯನ್ನು ಕಳೆದುಕೊಳ್ಳಲಿಲ್ಲ.

ಆದರೆ ಕೈಯಲ್ಲಿದ್ದ ನೋಟಿಗೆ ಸಿಕ್ಕ ಈ ನ್ಯಾಯ ಪಾಸ್‌ಬುಕ್ಕಿನಲ್ಲಿದ್ದ ಹಣಕ್ಕೆ ಸಿಗಲಿಲ್ಲ. ಸೋವಿಯತ್ ಉಳಿತಾಯ ಬ್ಯಾಂಕಿನಲ್ಲಿ ದುಡಿಮೆಯ ಹಣವನ್ನು ಕೂಡಿಟ್ಟಿದ್ದ ಕೋಟ್ಯಂತರ ಜನರ ಠೇವಣಿ ಹಣದುಬ್ಬರದಲ್ಲಿ ಕರಗಿಹೋಯಿತು. ಆ ಸಾಲಕ್ಕೆ ಹೊಣೆ ಯಾರು, ಮಾಸ್ಕೋ ಎಷ್ಟು, ಕೀವ್ ಎಷ್ಟು ಎಂಬ ವಾದ ವರ್ಷಗಟ್ಟಲೆ ನಡೆಯಿತು. 2008ರಲ್ಲಿ ಯೂಲಿಯಾ ಟಿಮೊಶೆಂಕೊ ಸರ್ಕಾರ ಹಳೆಯ ಠೇವಣಿದಾರರಿಗೆ ತಲಾ 1,000 ಹ್ರಿವ್ನಿಯಾವರೆಗೆ ಪಾವತಿಸಲು ಮುಂದಾದಾಗ ಬ್ಯಾಂಕುಗಳ ಮುಂದೆ ವೃದ್ಧರ ಉದ್ದುದ್ದ ಸಾಲು ನಿಂತಿತ್ತು. ಒಕ್ಕೂಟ ಅಳಿದು ಹದಿನಾರು ವರ್ಷಗಳ ಮೇಲೂ ಅದರ ಪಾಸ್‌ಬುಕ್ಕನ್ನು ಜನ ಎಸೆದಿರಲಿಲ್ಲ.

ಹಾಲಿ ಸಿಕ್ಕಾದಲ್ಲಿ ಕನ್ನಡ

ಇಂಥದೇ ಪ್ರಶ್ನೆಗಳನ್ನು ನಮ್ಮ ನಾಡೂ ಎದುರಿಸಿತ್ತು. ಆರಂಭದಲ್ಲಿ ಹೇಳಿದ ಎರಡು ದಾರಿಗಳಲ್ಲಿ ಮೊದಲು ಪೂರ್ವದ ದಾರಿಯನ್ನು ಹಿಡಿಯೋಣ. ಬೀದರ್, ಕಲಬುರಗಿ ಹಾಗೂ ಕೊಪ್ಪಳವನ್ನೂ ಒಳಗೊಂಡಿದ್ದ ರಾಯಚೂರು ಜಿಲ್ಲೆಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನಗಳು ಕಾಗದದ ಹಣ ಹೊರಡಿಸುವುದನ್ನು ಬ್ರಿಟಿಷರು ಒಪ್ಪುತ್ತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಯ ಕೊರತೆ ಉಂಟಾದಾಗ, ಯುದ್ಧಕ್ಕೆ ನೆರವಾಗಿದ್ದ ನಿಜಾಮರಿಗೆ ಆ ಅವಕಾಶ ದೊರೆಯಿತು. 1918ರಲ್ಲಿ 10 ಮತ್ತು 100 ರೂಪಾಯಿಗಳ, 1919ರಲ್ಲಿ 1 ಮತ್ತು 5 ರೂಪಾಯಿಗಳ, 1926ರಲ್ಲಿ 1,000 ರೂಪಾಯಿಯ ನೋಟುಗಳು ಬಂದವು. ಅಧಿಕೃತ ಹೆಸರು 'ಉಸ್ಮಾನಿಯಾ ಸಿಕ್ಕಾ'. ಜನರ ಬಾಯಲ್ಲಿ 'ಹಾಲಿ ಸಿಕ್ಕಾ'. ಬ್ರಿಟಿಷ್ ರೂಪಾಯಿಗೆ 'ಕಲ್ದಾರ' ಎನ್ನುತ್ತಿದ್ದರು.

ಆ ನೋಟುಗಳಲ್ಲಿ ಉರ್ದು, ಇಂಗ್ಲಿಷ್, ಮರಾಠಿ, ತೆಲುಗುಗಳ ಜೊತೆ ಕನ್ನಡವೂ ಇತ್ತು. ಸೋವಿಯತ್ ನೋಟಿನಂತೆಯೇ ಇಲ್ಲೂ ಪ್ರಜೆಯ ನುಡಿಗೆ ಕಾಗದದ ಮೇಲೆ ಜಾಗವಿತ್ತು, ಅಧಿಕಾರದಲ್ಲಿ ಇರಲಿಲ್ಲ.

1947ರ ಜೂನ್‌ನಲ್ಲಿ ನಿಜಾಮರು ಸ್ವತಂತ್ರವಾಗಿ ಉಳಿಯುವ ಇಂಗಿತ ಪ್ರಕಟಿಸಿದರು. ನವೆಂಬರ್ 29ರಂದು ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಿಗೇ ಹೈದರಾಬಾದ್ ಸರ್ಕಾರ ಎರಡು ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಒಂದು, ಅಮೂಲ್ಯ ಲೋಹಗಳನ್ನು ಭಾರತಕ್ಕೆ ಸಾಗಿಸುವುದಕ್ಕೆ ನಿರ್ಬಂಧ. ಇನ್ನೊಂದು, ಸಂಸ್ಥಾನದೊಳಗೆ ಭಾರತೀಯ ಹಣಕ್ಕೆ ಕಾನೂನಿನ ಮಾನ್ಯತೆ ಇಲ್ಲವೆಂಬ ಘೋಷಣೆ. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ನೀಡಿದ್ದೂ ಇದೇ ಕಾಲದಲ್ಲಿ. ಧ್ವಜ, ಸೈನ್ಯಗಳಿಗಿಂತ ಮೊದಲು ಸಾರ್ವಭೌಮತ್ವದ ಹಕ್ಕು ಮಂಡನೆಯಾದದ್ದು ನೋಟಿನ ಮೂಲಕ ಎಂಬುದು ಗಮನಾರ್ಹ. ಹೊಸದಿಲ್ಲಿ ಇವನ್ನು ಒಪ್ಪಂದದ ಉಲ್ಲಂಘನೆಯೆಂದೇ ಪರಿಗಣಿಸಿತು.

1948ರ ಸೆಪ್ಟೆಂಬರ್‌ನ ಸೈನಿಕ ಕಾರ್ಯಾಚರಣೆ ಐದು ದಿನಗಳಲ್ಲಿ ಮುಗಿಯಿತು. ಹಾಲಿ ಸಿಕ್ಕಾವನ್ನು ಮಾತ್ರ ಐದು ದಿನಗಳಲ್ಲಿ ಮುಗಿಸಲಿಲ್ಲ. 1950ರಿಂದ ಭಾರತೀಯ ರೂಪಾಯಿಯನ್ನು ಅದರ ಜೊತೆಯಲ್ಲೇ ಚಲಾವಣೆಗೆ ತರಲಾಯಿತು. ದರ ಏಳು ಹಾಲಿಗೆ ಆರು ಕಲ್ದಾರ. ಅಂದರೆ ನೂರು ಭಾರತೀಯ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಸಿಕ್ಕಾ. ಹಳೆಯ ನೋಟಿನ ಮಾನ್ಯತೆ ಸಂಪೂರ್ಣ ರದ್ದಾದದ್ದು 1959ರಲ್ಲಿ. ಅಷ್ಟರಲ್ಲಿ ಸಂಸ್ಥಾನವೇ ಇರಲಿಲ್ಲ. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯ ಸೇರಿದ್ದವು. ಸೇನೆ ಸೋಲಿಸಿದ ಅರಸನ ನೋಟನ್ನು ಗೆದ್ದ ಸರ್ಕಾರ ಹತ್ತು ವರ್ಷಗಳ ಕಾಲ ಗೌರವಿಸಿತು. ಕಾರಣ ಸರಳ. ಆ ನೋಟು ಇದ್ದದ್ದು ಅರಸನ ತಿಜೋರಿಯಲ್ಲಿ ಮಾತ್ರವಲ್ಲ, ರಾಯಚೂರಿನ ರೈತನ ಗಂಟಿನಲ್ಲೂ.

ದೇಶ ವಿಭಜನೆಯ ಸಂದರ್ಭವನ್ನೂ ಇಲ್ಲಿ ನೆನೆಯಬಹುದು. 1948ರ ಜೂನ್ 30ರವರೆಗೆ ನಮ್ಮ ರಿಸರ್ವ್ ಬ್ಯಾಂಕೇ ಪಾಕಿಸ್ತಾನದ ಕೇಂದ್ರೀಯ ಬ್ಯಾಂಕೂ ಆಗಿತ್ತು. ನಾಸಿಕ್‌ನಲ್ಲಿ ಮುದ್ರಿತವಾದ ನೋಟುಗಳ ಮೇಲೆ 'ಪಾಕಿಸ್ತಾನ ಸರ್ಕಾರ' ಎಂಬ ಹೆಚ್ಚುವರಿ ಅಚ್ಚೊತ್ತಿ ಅಲ್ಲಿಗೆ ಕಳುಹಿಸಲಾಗುತ್ತಿತ್ತು. ರಕ್ತದ ಹೊಳೆ ಹರಿದ ವರ್ಷದಲ್ಲೂ ಕರೆನ್ಸಿಯ ಪಾಲು ಒಂದು ವೇಳಾಪಟ್ಟಿಯಂತೆ ನಡೆಯಿತು. ಸೋವಿಯತ್ ಒಕ್ಕೂಟದ ವಿಸರ್ಜನೆ ಬಹುಮಟ್ಟಿಗೆ ರಕ್ತಪಾತವಿಲ್ಲದೆ ನಡೆಯಿತು. ಆದರೆ ನೋಟಿಗೆ ವೇಳಾಪಟ್ಟಿ ಇರಲಿಲ್ಲ.

ಗೋವಾ: ನೋಟು ಹೋಯಿತು, ಚಿನ್ನ ಬರಲಿಲ್ಲ

ಇನ್ನು ಉತ್ತರದ ದಾರಿ. ಗೋವಾದಲ್ಲಿ ನೋಟು ಹೊರಡಿಸುವ ಅಧಿಕಾರ 1906ರಿಂದ 'ಬ್ಯಾಂಕೊ ನ್ಯಾಸಿಯೊನಾಲ್ ಅಲ್ಟ್ರಾಮರಿನೊ' ಎಂಬ ಲಿಸ್ಬನ್ ಬ್ಯಾಂಕಿಗಿತ್ತು. ಪಣಜಿಯಲ್ಲಿ ಅದರ ಶಾಖೆ 1868ರಲ್ಲೇ ತೆರೆದಿತ್ತು. ಹಣದ ಹೆಸರು ರುಪಿಯಾ. ಹದಿನಾರು 'ಟಾಂಗಾ'ಗಳಿಗೆ ಒಂದು ರುಪಿಯಾ. ನಮ್ಮ ಹದಿನಾರು ಆಣೆಯ ಲೆಕ್ಕವೇ. ಕಾರವಾರದ ಸಂತೆಗೂ ಕಾಣಕೋಣದ ಸಂತೆಗೂ ಲೆಕ್ಕ ಬೇರೆಯಾಗಿರಲಿಲ್ಲ.

1958ರಲ್ಲಿ ಪೋರ್ಚುಗಲ್ ಈ ನಂಟನ್ನು ಕಡಿಯಲು ಹೊರಟಿತು. ಗೋವಾ ಭಾರತದ ಭಾಗವಲ್ಲ, ಪೋರ್ಚುಗಲ್ಲಿನ ಒಂದು ಪ್ರಾಂತ ಎಂದು ಜಗತ್ತಿಗೆ ತೋರಿಸಬೇಕಿತ್ತು. ರುಪಿಯಾ ತೆಗೆದು 'ಎಸ್ಕುಡೊ' ತರಲಾಯಿತು. ಒಂದು ರುಪಿಯಾಗೆ ಆರು ಎಸ್ಕುಡೊ. 1959ರ ದಿನಾಂಕ ಹೊತ್ತು ಬಂದ ನೋಟುಗಳ ಮೌಲ್ಯಗಳನ್ನು ನೋಡಿ: 30, 60, 100, 300, 600, 1,000. ಮೂವತ್ತು, ಅರವತ್ತು ಎಂಬ ವಿಚಿತ್ರ ಅಂಕಿಗಳು ಏಕೆ? ಆರರಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಐದು, ಹತ್ತು, ಐವತ್ತು, ನೂರು ರೂಪಾಯಿಗಳು! ಹೆಸರು ಬದಲಿಸಿದರೂ ಜನರ ಬೆರಳೆಣಿಕೆ ಬದಲಾಗದೆಂದು ಲಿಸ್ಬನ್ನಿನ ಅಧಿಕಾರಿಗಳಿಗೂ ಗೊತ್ತಿತ್ತು. 1510ರಲ್ಲಿ ಗೋವಾ ಗೆದ್ದ ಅಲ್ಬುಕರ್ಕ್‌ನ ಚಿತ್ರದಡಿ ಭಾರತದ ರೂಪಾಯಿಯೇ ಅಡಗಿ ಕುಳಿತಿತ್ತು.

ಈ ನೋಟಿನ ಆಯುಷ್ಯ ಮೂರು ವರ್ಷ. 1961ರ ಡಿಸೆಂಬರ್ 18ರಂದು ಭಾರತೀಯ ಸೇನೆ ಗೋವಾ ಪ್ರವೇಶಿಸಿತು. ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ನೌಕಾಪಡೆಯ ಯೋಧರು ಹೋರಾಡಿ ಪ್ರಾಣ ತೆತ್ತದ್ದೂ ಅದೇ ಕಾರ್ಯಾಚರಣೆಯಲ್ಲಿ. ಮರುದಿನ ಪೋರ್ಚುಗೀಸ್ ಆಡಳಿತ ಶರಣಾಯಿತು. ಎಸ್ಕುಡೊ ಸ್ಥಾನಕ್ಕೆ ರೂಪಾಯಿ ಬಂತು. ನೋಟಿನ ಬದಲಾವಣೆ ಕಷ್ಟದ್ದಾಗಿರಲಿಲ್ಲ. ಆಗಿನ ಅಧಿಕೃತ ದರಗಳಲ್ಲಿ ಡಾಲರೊಂದಕ್ಕೆ ಎಸ್ಕುಡೊ 28.75, ರೂಪಾಯಿ 4.76. ಆರಕ್ಕೆ ಒಂದರ ಲೆಕ್ಕ ಸರಿಸುಮಾರು ಕೂಡಿಬರುತ್ತಿತ್ತು.

ಕಷ್ಟವಾದದ್ದು ಬೇರೆ. ಗೋವಾದ ಕುಟುಂಬಗಳು ಸಾಲಕ್ಕಾಗಿ ಆ ಬ್ಯಾಂಕಿನಲ್ಲಿ ಅಡವಿಟ್ಟಿದ್ದ ಚಿನ್ನದ ಆಭರಣಗಳನ್ನು ಸೇನಾ ಕಾರ್ಯಾಚರಣೆಗೆ ಮುನ್ನವೇ ಹಡಗಿನಲ್ಲಿ ಲಿಸ್ಬನ್‌ಗೆ ಸಾಗಿಸಲಾಗಿತ್ತು. ಸಾಲ ತೀರಿಸಿ ಬಳೆ, ಸರ ಬಿಡಿಸಿಕೊಳ್ಳುವೆವೆಂದರೂ ಕೊಡುವವರಿರಲಿಲ್ಲ. ಉಭಯ ದೇಶಗಳ ರಾಜತಾಂತ್ರಿಕ ಸಂಬಂಧ 1974ರ ಕೊನೆಯಲ್ಲಿ ಮರುಸ್ಥಾಪನೆಯಾದರೂ ಒಡವೆಗಳು ಭಾರತೀಯ ಸ್ಟೇಟ್ ಬ್ಯಾಂಕಿನ ಮೂಲಕ ಮರಳಿದ್ದು 1991ರಲ್ಲಿ. ಮೂವತ್ತು ವರ್ಷಗಳಲ್ಲಿ ಅಡವಿಟ್ಟವರ ತಲೆಮಾರೇ ಬದಲಾಗಿತ್ತು. ಉಕ್ರೇನಿನ ಪಾಸ್‌ಬುಕ್ಕಿಗೂ ಗೋವಾದ ಅಡವು ಚೀಟಿಗೂ ಇರುವ ಹೋಲಿಕೆ ಇದು: ಆಳುವವರ ಜಗಳದಲ್ಲಿ ಉಳಿತಾಯಗಾರನ ಕಾಗದಕ್ಕೆ ಉತ್ತರ ಕೊಡುವವರು ಇಲ್ಲವಾಗುತ್ತಾರೆ.

ಆರ್ಗಾದ ಹಡಗು ಮತ್ತು ಡಾಲರು

ಕರಾವಳಿಯ ಇದೇ ಭಾಗಕ್ಕೆ ಸೋವಿಯತ್ ವಿಸರ್ಜನೆಯ ಇನ್ನೊಂದು ಪಳೆಯುಳಿಕೆಯೂ ಬಂದು ತಲುಪಿದೆ. ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ನೆಲೆ ಬಿಟ್ಟುಕೊಟ್ಟ ಸೀಬರ್ಡ್ ನೌಕಾನೆಲೆಗೆ 2014ರ ಜನವರಿಯಲ್ಲಿ ಐ.ಎನ್.ಎಸ್. ವಿಕ್ರಮಾದಿತ್ಯ ಬಂದಿತು. ಅದನ್ನು ಕಟ್ಟಿದ್ದು ಉಕ್ರೇನಿನ ಮಿಕೊಲಾಯಿವ್ ಹಡಗುಕಟ್ಟೆಯಲ್ಲಿ. 1987ರಲ್ಲಿ ಸೇವೆಗೆ ಸೇರಿದಾಗ ಅದರ ಹೆಸರು 'ಬಾಕು'. ಅಂದರೆ ಇಂದಿನ ಅಜರ್ಬೈಜಾನಿನ ರಾಜಧಾನಿ. ನಮಗೆ ಮಾರಿದ್ದು ರಷ್ಯಾ. ಒಂದೇ ಹಡಗಿನಲ್ಲಿ ಮೂರು ದೇಶ, ಇಂದಿನ ಲೆಕ್ಕದಲ್ಲಿ ಮೂರು ಕರೆನ್ಸಿ. ಬೆಲೆ ನಿಗದಿಯಾದದ್ದು ಮಾತ್ರ ಅವುಗಳಲ್ಲಿ ಯಾವುದರಲ್ಲೂ ಅಲ್ಲ, ರೂಪಾಯಿಯಲ್ಲೂ ಅಲ್ಲ, ಡಾಲರಿನಲ್ಲಿ. 2004ರಲ್ಲಿ 97 ಕೋಟಿ ಡಾಲರಿನಷ್ಟಿದ್ದ ನವೀಕರಣ ವೆಚ್ಚ ಕೊನೆಗೆ ಸುಮಾರು 235 ಕೋಟಿ ಡಾಲರಿಗೆ ಏರಿತು.

ಸೋವಿಯತ್ ಕಾಲದಲ್ಲಿ ಭಾರತ ತನ್ನ ಖರೀದಿಗೆ ರೂಪಾಯಿಯಲ್ಲೇ ಹಣ ತೀರಿಸುತ್ತಿತ್ತು. ಆ ರೂಪಾಯಿಯಿಂದ ಮಾಸ್ಕೋ ನಮ್ಮ ಚಹಾ, ಬಟ್ಟೆ, ಔಷಧಗಳನ್ನು ಕೊಳ್ಳುತ್ತಿತ್ತು. ಒಕ್ಕೂಟದೊಂದಿಗೆ ಆ ವ್ಯವಸ್ಥೆಯೂ ಅಳಿಯಿತು. ಉಕ್ರೇನ್ ಯುದ್ಧದ ನಂತರ ರಿಸರ್ವ್ ಬ್ಯಾಂಕ್ 2022ರ ಜುಲೈನಲ್ಲಿ ರೂಪಾಯಿಯಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ತೀರುವಳಿಗೆ ಹೊಸ ಅವಕಾಶ ಕಲ್ಪಿಸಿತು. ರಷ್ಯಾದಿಂದ ನಾವು ಕೊಳ್ಳುವ ತೈಲ ಹೆಚ್ಚು, ಅಲ್ಲಿಗೆ ಕಳುಹಿಸುವ ಸರಕು ಕಡಿಮೆ. ಹೀಗಾಗಿ ಭಾರತದ ಬ್ಯಾಂಕುಗಳಲ್ಲಿ ರೂಪಾಯಿ ರಾಶಿಯಾಗಿ ಬಿದ್ದಿದೆ, ಅದನ್ನು ಬಳಸುವುದೇ ಸಮಸ್ಯೆಯಾಗಿದೆ ಎಂದು ರಷ್ಯಾದ ವಿದೇಶಾಂಗ ಸಚಿವ ಸೆರ್ಗೈ ಲಾವ್ರೊವ್ 2023ರ ಮೇ ತಿಂಗಳಲ್ಲಿ ಹೇಳಿದರು. ಅವರು ಆ ಮಾತು ಹೇಳಿದ್ದು ಒಂದು ಕಾಲಕ್ಕೆ ಎಸ್ಕುಡೊ ನಡೆಯುತ್ತಿದ್ದ ಗೋವಾದಲ್ಲೇ. ನಮ್ಮ ನೋಟು ಹೊರಗಿನವನ ಕೈಯಲ್ಲಿ ಹಣವಾಗಬೇಕಾದರೆ ಅವನಿಗೆ ಬೇಕಾದ ಸರಕು ನಮ್ಮಲ್ಲಿರಬೇಕು.

ಅತ್ತ ಕ್ರೈಮಿಯಾದಲ್ಲಿ 2014ರ ಮಾರ್ಚ್‌ನಲ್ಲಿ ರೂಬಲ್ ಬಂದು, ಜೂನ್ ವೇಳೆಗೆ ಹ್ರಿವ್ನಿಯಾ ಚಲಾವಣೆ ನಿಂತಿತು. ಖೆರ್ಸಾನ್ ನಗರದಲ್ಲಿ 2022ರ ಮೇ ತಿಂಗಳಿಂದ ರೂಬಲ್ ಹೇರಲಾಯಿತು; ನವೆಂಬರ್‌ನಲ್ಲಿ ಉಕ್ರೇನ್ ಸೇನೆ ಮರಳಿದಾಗ ಹ್ರಿವ್ನಿಯಾ ಮರಳಿತು. ಆ ಆರು ತಿಂಗಳು ಯಾವ ನೋಟನ್ನು ಬಚ್ಚಿಡಬೇಕು, ಯಾವುದನ್ನು ತೋರಿಸಬೇಕು ಎಂಬುದು ಅಲ್ಲಿನ ಗೃಹಿಣಿಗೆ ಜೀವನ್ಮರಣದ ಲೆಕ್ಕವಾಗಿತ್ತು.

ನಮಗೇನು ಪಾಠ?

ಹೊಸ ನೋಟು ಮುದ್ರಿಸುವುದು ದೊಡ್ಡ ಸಾಧನೆಯಲ್ಲ. ಮುದ್ರಣಾಲಯವಿಲ್ಲದವರು ಕೆನಡಾ, ಇಂಗ್ಲೆಂಡ್, ಅಮೆರಿಕಗಳಲ್ಲಿ ಮುದ್ರಿಸಿಕೊಂಡರು. ಮೈಸೂರಿನ ನೋಟು ಮುದ್ರಣಾಲಯ ಆರಂಭವಾಗಿದ್ದ ದಿನಗಳಲ್ಲಿ, ಬೇಡಿಕೆ ಪೂರೈಸಲಾಗದೆ ಭಾರತವೂ ಹೊರಗಿನಿಂದ ನೋಟು ತರಿಸಿಕೊಂಡಿತ್ತು. ಕಷ್ಟವಿರುವುದು ಹಳೆಯ ನೋಟಿಗೆ ಮರ್ಯಾದೆ ಕೊಡುವುದರಲ್ಲಿ. ಆ ಪರೀಕ್ಷೆಯಲ್ಲಿ ಹಾಲಿ ಸಿಕ್ಕಾವನ್ನು ನಿಭಾಯಿಸಿದ ಭಾರತ ತೇರ್ಗಡೆಯಾಗಿತ್ತು. ಹ್ರಿವ್ನಿಯಾಕ್ಕೆ ಮಿತಿ ಇಡದ ಉಕ್ರೇನ್, ಕ್ರೂನ್‌ಗೆ ಗಡುವು ಇಡದ ಎಸ್ಟೋನಿಯಾ ತೇರ್ಗಡೆಯಾದವು. 1993ರ ರಷ್ಯಾ ತನ್ನ ಆದೇಶವನ್ನು ತಾನೇ ತಿದ್ದಿಕೊಳ್ಳಬೇಕಾಯಿತು.

2016ರಲ್ಲಿ ಭಾರತ ರದ್ದುಮಾಡಿದ 15.41 ಲಕ್ಷ ಕೋಟಿ ರೂಪಾಯಿ ಮೌಲ್ಯದ ನೋಟುಗಳಲ್ಲಿ 15.31 ಲಕ್ಷ ಕೋಟಿ ಬ್ಯಾಂಕಿಗೆ ಮರಳಿತು. ಮರಳದೆ ಉಳಿದದ್ದು ಶೇಕಡ ಒಂದಕ್ಕೂ ಕಡಿಮೆ. ಅದರಲ್ಲಿ ಕಪ್ಪುಹಣವೆಷ್ಟು, ಗಡುವಿನೊಳಗೆ ಬ್ಯಾಂಕ್ ತಲುಪಲಾಗದೆ ಉಳಿದ ಮುದುಕಿಯ ಸಾಸಿವೆ ಡಬ್ಬಿಯ ಹಣವೆಷ್ಟು ಎಂದು ವಿಂಗಡಿಸಲು ಯಾರಿಂದಲೂ ಆಗದು. 2023ರ ಮೇ ತಿಂಗಳಲ್ಲಿ 2,000 ರೂಪಾಯಿ ನೋಟನ್ನು ಹಿಂಪಡೆಯುವಾಗ ರಿಸರ್ವ್ ಬ್ಯಾಂಕ್ ಅದರ ಕಾನೂನು ಮಾನ್ಯತೆಯನ್ನು ಕಿತ್ತುಕೊಳ್ಳಲಿಲ್ಲ. ಬ್ಯಾಂಕುಗಳ ಗಡುವು ಮುಗಿದ ಮೇಲೂ ತನ್ನ ಕಚೇರಿಗಳಲ್ಲಿ ಸ್ವೀಕರಿಸಿತು. ಸರತಿ ಸಾಲಿನ ಸಾವುನೋವುಗಳ ಸುದ್ದಿ ಈ ಬಾರಿ ಬರಲಿಲ್ಲ. ಎರಡು ನಿರ್ಧಾರಗಳ ನಡುವಿನ ಈ ಅಂತರವೇ ಪಾಠವಾಗಿದೆ.

ನಮ್ಮ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿಯ ಮೇಲ್ಗಡೆ, ಇದನ್ನು ತಂದವರಿಗೆ ಇಷ್ಟು ಹಣ ಸಲ್ಲಿಸುವೆನೆಂಬ ವಚನವಿದೆ. ಹಲವರು ಅದನ್ನು ಓದುವುದೇ ಇಲ್ಲ. ರಾಯಚೂರಿನ ಗಂಟು, ಗೋವಾದ ಅಡವು ಚೀಟಿ, ಕೀವ್‌ನ ಪಾಸ್‌ಬುಕ್ ಇವುಗಳನ್ನು ಹಿಡಿದು ನಿಂತವರು ಮಾತ್ರ ಅದರ ಪ್ರತಿ ಅಕ್ಷರವನ್ನೂ ಓದಿಕೊಂಡಿದ್ದರು. ಸರ್ಕಾರಗಳು ಬದಲಾಗಲಿ, ಗಡಿಗಳು ಬದಲಾಗಲಿ, ಆ ವಚನವನ್ನು ನಂಬಿ ದುಡಿದು ಕೂಡಿಟ್ಟವನು ತಪ್ಪಿತಸ್ಥನಲ್ಲ. ಮುಂದೆ ಯಾವಾಗಲಾದರೂ ನೋಟು ಬದಲಿಸುವ ಪ್ರಸ್ತಾಪ ಬಂದಾಗ ದರ, ಮಿತಿ, ಗಡುವು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳುವ ಹಕ್ಕು ಅವನಿಗಿದೆ.